ಕೋಡಿಯ ಮೇಲಿನ ಹೆಂಟೆ

ನನ್ನ ಎಪ್ಪತ್ತೆಂಟನೇ ಇಸವಿಯ ಡೈರಿಯಲ್ಲಿ ಒಂದು ಭಾನುವಾರದ ಪುಟ ಹೀಗಿದೆ: "ಬೆಳಿಗ್ಗೆ ಸಾಹೇಬರ ಕಾಗದ ಓದಿದೆ. ತುಂಬ ಸಂತೋಷಪಟ್ಟರು. ಅವರ ಮನೆಯಿಂದ ಶಾವಿಗೆ ಬಂತು." ಅಷ್ಟೇ. ಪುಟದ ಮುಕ್ಕಾಲು ಭಾಗ ಖಾಲಿ. ಆ ವರ್ಷ ನಾನು ಗುಬ್ಬಿ ಬಸ್ಸು ಎಷ್ಟು ಹೊತ್ತು ತಡವಾಯಿತೆಂಬುದನ್ನೂ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡರೆಂಬುದನ್ನೂ ಪುಟ ತುಂಬುವ ತನಕ ಬರೆಯುತ್ತಿದ್ದವಳು. ಆ ಒಂದು ದಿನ ಮಾತ್ರ ಮೂರು ವಾಕ್ಯಕ್ಕೆ ಪೆನ್ನು ಮುಚ್ಚಿಟ್ಟಿದ್ದೇನೆ.

ಸಾಹೇಬರು ಹೋದ ತಿಂಗಳು ತೀರಿಕೊಂಡರು. ಸುದ್ದಿ ಕುಣಿಗಲ್‌ನಲ್ಲಿರುವ ನನಗೆ ತಲುಪುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಆ ಭಾನುವಾರ ಎರಡು ರೀತಿಯಲ್ಲಿ ನೆನಪಿಗೆ ಬರುತ್ತದೆ. ಒಂದರಲ್ಲಿ ನಾನು ಆ ಕಾಗದವನ್ನು ಕೊನೆಯವರೆಗೂ ಓದುತ್ತೇನೆ. ಸಾಹೇಬರು ಸುಮ್ಮನೆ ತಲೆಯಾಡಿಸುತ್ತಾರೆ. ಇನ್ನೊಂದರಲ್ಲಿ ಓದುವುದಿಲ್ಲ. ಮೊದಲನೆಯದು ಬಹಳ ಸ್ಪಷ್ಟವಾಗಿದೆ. ಕಿಟಕಿಯ ಬೆಳಕು, ಅವರ ಗಡ್ಡದಲ್ಲಿ ಸಿಕ್ಕಿಕೊಂಡ ಹತ್ತಿಯ ಎಳೆ, ಎಲ್ಲ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ಅದರ ಮೇಲೆ ನನಗೆ ಅನುಮಾನ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಎಷ್ಟೋ ಅರ್ಜಿಗಳ ತಲೆಯಲ್ಲಿ, 'ಅರ್ಜಿದಾರ' ಎಂಬ ಪದದ ಪಕ್ಕದಲ್ಲಿ ಬೇಕಾದಷ್ಟು ಸಲ ಬಂದಿದೆ. ಒಂದು ಕಡೆಯಾದರೂ ಅವರು ಅರ್ಜಿದಾರರಾಗದೆ ಇರಲಿ.

ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ತುಮಕೂರಿನ ಕಾಲೇಜಿಗೆ ಸೇರಿದಾಗ ಶಿರಾ ಗೇಟ್ ಹತ್ತಿರ ಒಂದು ಪುಟ್ಟ ಮನೆ ಹಿಡಿದೆ. ಬೀದಿಗೆ ತಿರುಗಿದ ಮೊದಲ ಅಂಗಡಿಯೇ ಸಾಹೇಬರದು. ಹಾಸಿಗೆ, ದಿಂಬು, ರಜಾಯಿ. ಬೆಳಿಗ್ಗೆ ಎಂಟಕ್ಕೆಲ್ಲ ಹತ್ತಿ ಹಿಂಜುವ ಬಿಲ್ಲಿನ ಸದ್ದು ಶುರುವಾಗುತ್ತಿತ್ತು. ಆಗಲೇ ಅವರಿಗೆ ಅರವತ್ತೈದು ದಾಟಿತ್ತು. ಹುಬ್ಬು, ಗಡ್ಡ, ಟೋಪಿ ಎಲ್ಲದರ ಮೇಲೂ ಹತ್ತಿ ಕೂತು ಎಂಬತ್ತರವರಂತೆ ಕಾಣುತ್ತಿದ್ದರು. ಸಂಜೆ ಮುಖ ತೊಳೆದು ಟೀ ಹೋಟೆಲಿಗೆ ಹೊರಟರೆ ಇದ್ದಕ್ಕಿದ್ದಂತೆ ಹದಿನೈದು ವರ್ಷ ಕಡಿಮೆಯಾಗುತ್ತಿತ್ತು.

ನಾನು ಒಂದು ಹಾಸಿಗೆ ಹೇಳಿದೆ. ಅಳತೆ ಕೊಡುತ್ತೇನೆಂದರೂ ಕೇಳದೆ ಮಂಚ ನೋಡಲು ಮನೆಗೆ ಬಂದರು. ಜೇಬಿನಿಂದ ಒಂದು ಚಪ್ಪಟೆ ಔಷಧಿ ಬಾಟಲಿ ತೆಗೆದು ಮಂಚದ ಮೇಲೆ ಅಡ್ಡ ಮಲಗಿಸಿದರು. ಅದರಲ್ಲಿ ಬಾಯಿವರೆಗೆ ನೀರು, ಒಂದೇ ಒಂದು ಗುಳ್ಳೆ. ಗುಳ್ಳೆ ಸರಸರನೆ ಒಂದು ಮೂಲೆಗೆ ಓಡಿತು.

"ಹಾಸ್ಗೆ ಆಮೇಲೆ ಮೇಡಮ್ಮ. ಮೊದ್ಲು ಮಂಚದ ಮಟ್ಟ ಸರಿ ಮಾಡ್ಸಿ. ಓರೆ ಮಂಚದ ಮೇಲೆ ನನ್ ಹಾಸ್ಗೆ ಹಾಕಲ್ಲ."

ಕೊನೆಗೆ ಅವರೇ ಒಂದು ಹಂಚಿನ ಚೂರು ತಂದು ಮಂಚದ ಕಾಲಿನಡಿಗೆ ಕೊಟ್ಟು, ಗುಳ್ಳೆ ನಡುವೆ ಬಂದು ನಿಲ್ಲುವ ತನಕ ಬಿಡಲಿಲ್ಲ. ಆ ಬಾಟಲಿ ಸದಾ ಅವರ ಜೇಬಿನಲ್ಲಿರುತ್ತಿತ್ತು. ಹೋಟೆಲಿನ ಮೇಜು, ಬಸ್ಸಿನ ಸೀಟು, ನಮ್ಮ ಕಾಲೇಜಿನ ಮೆಟ್ಟಿಲು, ಕಂಡದ್ದೆಲ್ಲದರ ಮೇಲೂ ಅದನ್ನು ಮಲಗಿಸಿ ನೋಡುತ್ತಿದ್ದರು. ಮಟ್ಟ ಸರಿಯಿದ್ದದ್ದು ಎಲ್ಲೂ ಸಿಕ್ಕ ಹಾಗೆ ಕಾಣೆ. ಸಿಗಲಿಲ್ಲವೆಂಬುದೇ ಅವರಿಗೆ ಒಂದು ಬಗೆಯ ಸಮಾಧಾನವಾಗಿತ್ತೇನೋ.

ಹಾಸಿಗೆ ಹೊಲಿದು ಬದುಕಿದರೂ ಅವರು ತಮ್ಮನ್ನು ಜಮೀನಿನವರೆಂದೇ ಹೇಳಿಕೊಳ್ಳುತ್ತಿದ್ದರು. ಹೋಟೆಲಿನವರು ಹಿಂದಿನಿಂದ 'ಕೆರೆ ಸಾಹೇಬ್ರು' ಎನ್ನುತ್ತಿದ್ದರು. ಒಮ್ಮೊಮ್ಮೆ ಎದುರಿಗೇ ಅಂದು, "ಏನ್ ಸಾಬ್ರೆ, ಕೆರೆ ಎಷ್ಟ್ ದೂರ ಸರಿದದೆ?" ಎಂದು ಕಿಚಾಯಿಸುತ್ತಿದ್ದರು. ಸಾಹೇಬರು ಟೀ ಲೋಟದೊಳಗೆ ನೋಡುತ್ತ, "ಕೆರೆ ಎಲ್ಲೂ ಸರಿದಿಲ್ಲ ಕಣಯ್ಯ. ಕಲ್ಲು ಸರಿದದೆ" ಎಂದು ಉತ್ತರ ಕೊಡುತ್ತಿದ್ದರು. ಅವರ ವ್ಯಾಜ್ಯದ ಕತೆ ಇಡೀ ಶಿರಾ ಗೇಟಿಗೆ ಗೊತ್ತಿತ್ತು, ಪೂರ್ತಿಯಾಗಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಅವರು ಹೇಳಿದ್ದು ಇದು.

ಗುಬ್ಬಿಯಿಂದ ಹಾಗಲವಾಡಿ ಕಡೆ ಹೋಗುವ ದಾರಿಯಲ್ಲಿ ಒಂದು ಕೆರೆ. ಅದರ ಅಂಚಿನಲ್ಲಿ ಅವರ ತಾತನಿಗೆ ಹೊಲವಿತ್ತು. ಬ್ರಿಟಿಷ್ ಕಮಿಷನರು ಮೈಸೂರನ್ನು ಆಳುತ್ತಿದ್ದ ಕಾಲ. ತಾತ ಮೂರು ವರ್ಷ ಗಾಡಿಯಲ್ಲಿ ಮಣ್ಣು ಹೊಡೆಸಿ, ನೀರಿನ ಅಂಚನ್ನು ತುಂಬಿಸಿ, ಕಲ್ಲಿನ ಕಟ್ಟೆ ಕಟ್ಟಿಸಿ, ಹೊಲಕ್ಕೆ ಮೂರೆಕರೆ ಸೇರಿಸಿಕೊಂಡ. ಕೆರೆ ತುಂಬಿದರೂ ಆ ಮೂರೆಕರೆ ಒಂದು ಗೇಣು ಮೇಲೇ ಉಳಿಯುವಂತೆ ಎತ್ತರಿಸಿದ್ದ. ಆಮೇಲೆ ಸರಕಾರದ ಸರ್ವೆ ಬಂತು. ದೊರೆ ಕುದುರೆ ಮೇಲೆ ಬಂದು, ತುಂಬಿದ ಕೆರೆಯ ನೀರಿನ ಮಟ್ಟ ಅಳೆದು, ಆ ಮಟ್ಟಕ್ಕೆ ಸುತ್ತಲೂ ಕಲ್ಲು ನೆಡಿಸಿದ. ಕಲ್ಲಿನ ಒಳಗಿನದೆಲ್ಲ ಕೆರೆ, ಸರಕಾರದ್ದು. ತಾತನ ಮೂರೆಕರೆ ಕಲ್ಲಿನ ಒಳಗೆ ಬಿತ್ತು.

ತಕರಾರು ಇದ್ದದ್ದು ನೀರಿನ ಮಟ್ಟದ ಬಗ್ಗೆ. ಕೆರೆ ತುಂಬಿ ಹೆಚ್ಚಾದ ನೀರು ಹೊರಹರಿಯುವ ಜಾಗ ಕೋಡಿ. ಕೋಡಿ ಎಷ್ಟು ಎತ್ತರವೋ ಕೆರೆ ಅಷ್ಟೇ ತುಂಬುತ್ತದೆ. ಆದರೆ ಕೆರೆ ಕೆಳಗಿನ ಗದ್ದೆಯವರು, ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು, ಕೋಡಿಯ ಮೇಲೆ ನೆಟ್ಟಿರುವ ಗಿಡ್ಡ ಕಲ್ಲುಗಳ ನಡುವೆ ಹುಲ್ಲು ಬೇರಿನ ಸಮೇತ ಅಗೆದ ಮಣ್ಣಿನ ಹೆಂಟೆಗಳನ್ನು ತುಂಬುತ್ತಾರೆ. ಕೋಡಿ ಒಂದೂವರೆ ಅಡಿ ಮೇಲೇರುತ್ತದೆ. ಸರ್ವೆ ದೊರೆ ಅಳೆದ ದಿನ ಹೆಂಟೆಗಳು ಕೋಡಿಯ ಮೇಲಿದ್ದವು ಎಂಬುದು ತಾತನ ದೂರು. ಅವನ್ನು ತೆಗೆದು ಅಳೆದಿದ್ದರೆ ಕಲ್ಲು ಕೆಳಗೆ ಬರುತ್ತಿತ್ತು, ಮೂರೆಕರೆ ಹೊರಗೆ ಉಳಿಯುತ್ತಿತ್ತು. 'ಹೆಂಟೆ ಇದ್ದದ್ದಕ್ಕೆ ದಾಖಲೆಯಿಲ್ಲ' ಎಂದು ಸರಕಾರ ಉತ್ತರ ಬರೆಯಿತು. ತಾತನ ನಂತರ ಸಾಹೇಬರ ತಂದೆ ಬರೆದರು. ಅದೇ ಉತ್ತರ. ಸ್ವಾತಂತ್ರ್ಯ ಬಂದ ಮೇಲೆ ಸಾಹೇಬರು ಬರೆದರು. ಅದೇ ಉತ್ತರ, ಈ ಸಲ ಕನ್ನಡದಲ್ಲಿ.

"ಅವ್ರು ಗಂಟು ಮೂಟೆ ಕಟ್ಕೊಂಡ್ ಹೋದ್ರು ಮೇಡಮ್ಮ. ಕಲ್ಲು ಮಾತ್ರ ಇಲ್ಲೇ ಮರ್ತು ಹೋದ್ರು."

ಆ ಮೂರೆಕರೆಯಲ್ಲಿ ನೀರು ಇಳಿದ ಮೇಲೆ ಸೌತೆಕಾಯಿಯೋ ಕರಬೂಜವೋ ಬಿಟ್ಟು ಹೆಚ್ಚಿನದೇನೂ ಬೆಳೆಯುತ್ತಿರಲಿಲ್ಲ. ಅದನ್ನು ಗೆದ್ದು ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. ಬಿಲ್ಲಿನ ಹಗ್ಗ ಮೀಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಊರವರು ಇವತ್ತಿಗೂ ತಾತನನ್ನು ಕೆರೆ ನುಂಗಿದವನು ಅನ್ನುತ್ತಾರೆ, ಆ ಮಾತು ಹೋದರೆ ಸಾಕು, ಹೊಲವನ್ನು ನೀರೇ ತೆಗೆದುಕೊಳ್ಳಲಿ ಎಂದರು. ಮತ್ತೆ ಹಗ್ಗ ಮೀಟತೊಡಗಿದರು. ಆಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಒಂದು ಸಲ ನನ್ನನ್ನೂ ಕೆರೆಗೆ ಕರೆದೊಯ್ದರು. ದಸರೆಯ ನಂತರ ಎಂದು ನನ್ನ ನೆನಪು. ಆದರೆ ಡೈರಿಯಲ್ಲಿ ಬಸ್ಸಿನಲ್ಲಿ ಕೊಡೆ ಮರೆತದ್ದರ ಬಗ್ಗೆ ಇದೆ, ಹಾಗಾಗಿ ಮಳೆಗಾಲವೇ ಇರಬೇಕು. ಗುಬ್ಬಿಯಲ್ಲಿ ಬಸ್ಸು ಬದಲಿಸಿ, ಇಳಿದ ಮೇಲೆ ಅರ್ಧ ಗಂಟೆ ನಡೆದೆವು. ಕೆರೆ ತುಂಬುತ್ತ ಬಂದಿತ್ತು. ಸರ್ವೆ ಕಲ್ಲು ಸಿಕ್ಕಿದಾಗ ಸಾಹೇಬರು ಅದರ ಮೇಲೆ ಕೆರೆಗೆ ಬೆನ್ನು ಹಾಕಿ ಕುಳಿತರು. ಅಲ್ಲಿ ಯಾವಾಗಲೂ ಹಾಗೇ ಕೂರುವುದಂತೆ. ಕಡಲೆಪುರಿಯ ಪೊಟ್ಟಣ ಬಿಚ್ಚಿ ನನಗೂ ಕೊಟ್ಟರು. ನಂತರ ಪೈಜಾಮ ಮೊಣಕಾಲಿನವರೆಗೆ ಸುತ್ತಿ, ಕೋಡಿಗೆ ಇಳಿದು, ಹೆಂಟೆಗಳನ್ನು ಒಂದೊಂದಾಗಿ ಕಿತ್ತು ಆಚೆ ಎಸೆಯತೊಡಗಿದರು.

ಮರದಡಿ ಬೀಡಿ ಸೇದುತ್ತ ಕುಳಿತಿದ್ದವನು ನೀರಗಂಟಿ ಹನುಮಯ್ಯ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಮನೆತನದ ಕೆಲಸ. ಸಾಹೇಬರ ವಾರಿಗೆಯವನೇ.

"ತೆಗೀರಿ ತೆಗೀರಿ. ನೀವು ಬಸ್ ಹತ್ತಿದ್ ಮ್ಯಾಕೆ ನಾವು ತಿರ್ಗ ಇಡ್ತೀವಿ."

"ಇಡ್ತೀಯ ಕಣೋ. ನಿಂಗೆ ಬೇರೆ ಕೆಲ್ಸ ಏನೈತೆ?"

"ನಿಮ್ಗೇನೈತೆ ಸಾಬ್ರೆ? ಹಾಸ್ಗೆ ಹೊಲ್ಯೋದ್ ಬುಟ್ಟು ಇಲ್ ಬಂದು ಮಣ್ ಹೊರ್ತಿದೀರಿ." ಅವನು ನನ್ನತ್ತ ತಿರುಗಿದ. "ನೋಡ್ರವ್ವ, ಈ ಕಡೀಕೆ ಹೊಲ ಐತೆ ಅಂತ ಕೀಳ್ತಾವ್ರೆ. ಆ ಕಡೀಕೆ ಗದ್ದೆ ಇದ್ದಿದ್ರೆ ಎಲ್ರಿಗಿಂತ ಮುಂದಾಗಿ ಇವ್ರೇ ಹೆಂಟೆ ಹೊತ್ಕೊಂಡ್ ಬತ್ತಿದ್ರು. ಇವ್ರ ತಾತಂಗೆ ಇತ್ತಂತಲ್ಲ ಗದ್ದೆ?"

"ಇತ್ತು. ನಮ್ಮಪ್ಪ ಮಾರ್ದ. ಅದಕ್ಕೇನೀಗ?"

ಸಾಹೇಬರು ಕೈಯಲ್ಲಿದ್ದ ಹೆಂಟೆಯನ್ನು ಹನುಮಯ್ಯನ ಕಾಲ ಹತ್ತಿರ ಬೀಳುವಂತೆ ಎಸೆದರು. ಅವನು ಕಾಲು ಕೂಡ ಸರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚಿಕೊಂಡು ಯಾರದೋ ಮಗಳ ಮದುವೆಯ ವಿಷಯ ಮಾತಾಡುತ್ತಿದ್ದರು. ನಾನು ಒಂದು ಹೆಂಟೆ ಎತ್ತಿ ನೋಡಿದೆ. ನೀರು ಕುಡಿದ ಹುಲ್ಲು ಮಣ್ಣು ಎಷ್ಟು ಭಾರವಿರುತ್ತದೆಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಹನುಮಯ್ಯ ಹೇಳಿದ ಮಾತು ಕೇಳಿಸಿತ್ತು. ಅದರ ತೂಕ ಮಾತ್ರ ತಿಳಿದಿರಲಿಲ್ಲ.

ಆ ಭಾನುವಾರ ಅವರು ಒಂದು ತಲೆದಿಂಬು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ಅವರ ಕಾಗದಪತ್ರವೆಲ್ಲ ಇರುತ್ತಿದ್ದದ್ದು ಆ ದಿಂಬಿನಲ್ಲಿ. ಹೊಲಿಗೆ ಬಿಚ್ಚಿ, ಹತ್ತಿಯ ನಡುವಿನಿಂದ ಒಂದು ಸುರುಳಿ ತೆಗೆದರು. ಬೆಂಗಳೂರಿನ ದಾಖಲೆ ಕಚೇರಿಯೊಂದಕ್ಕೆ ಎಷ್ಟೋ ವರ್ಷ ಅಲೆದು ಕೊನೆಗೆ ಪಡೆದ ಫೋಟೊಸ್ಟಾಟ್ ನಕಲು, ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ. ಸರ್ವೆ ದೊರೆ ಕೈಯಾರೆ ಬರೆದ ಟಿಪ್ಪಣಿ. ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಕನ್ನಡ ಬರೆಯುತ್ತಿದ್ದರು, ನಿಧಾನವಾಗಿ. ಉರ್ದು ಸರಾಗವಾಗಿ ಓದುತ್ತಿದ್ದರು.

ನಾನು ಮನಸ್ಸಿನಲ್ಲೇ ಒಂದು ಸಾಲು ಮುಂದೆ ಓದುತ್ತ, ಅವರಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಎರಡನೇ ಪುಟದ ನಡುವೆ ಅದು ಇತ್ತು: 'ಕೋಡಿಯ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಹುಲ್ಲು ಹೆಂಟೆಗಳನ್ನು ಇಟ್ಟಿರುವುದನ್ನು ಕಂಡೆ.'

ಸಾಹೇಬರು ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ಎದ್ದು ನಿಂತರು. ಎರಡೂ ಅಂಗೈ ಮುಖಕ್ಕೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಮೂರು ತಲೆಮಾರು ದಾಖಲೆಯಿಲ್ಲ, ದಾಖಲೆಯಿಲ್ಲ ಎಂದು ಬರೆಯುತ್ತ ಬಂದ ಸರಕಾರ ಆ ದಾಖಲೆಯ ಮೇಲೇ ಕುಳಿತಿತ್ತು.

ಆ ಹೊತ್ತಿಗೆ ನನ್ನ ಕಣ್ಣು ಮುಂದಿನ ವಾಕ್ಯಗಳ ಮೇಲಿತ್ತು: 'ಅವನ್ನು ತೆಗೆಸಿ ಮಟ್ಟ ಅಳೆಯಬೇಕೆಂದಿದ್ದೆ. ಆದರೆ ಕೆರೆಯ ಕೆಳಗೆ ಭತ್ತದ ಪೈರು ಇದ್ದ ಒಬ್ಬ ಜಮೀನುದಾರನು, ಈ ಹೆಂಟೆಗಳು ತನ್ನ ತಂದೆಯ ಕಾಲದಿಂದಲೂ ಇವೆ, ಇದೇ ಕೆರೆಯ ನಿಜವಾದ ಮಟ್ಟ ಎಂದು ಪ್ರಮಾಣ ಮಾಡಿ ಹೇಳಿದನು. ಅವನ ಸಹಿ ಪಡೆದು ಕಲ್ಲು ನೆಡಿಸಿದೆ.' ಕೆಳಗೆ ಉರ್ದು ಅಕ್ಷರದಲ್ಲಿ ಒಂದು ಸಹಿ. ತಾತನಿಗೆ ಕೆರೆಯ ಕೆಳಗೆ ಗದ್ದೆಯಿತ್ತೆಂದು ಹನುಮಯ್ಯ ಅಂದದ್ದು ನೆನಪಾಯಿತು.

ಹೆಂಟೆ ಕಿತ್ತರೆ ನೀರು ಇಳಿಯುತ್ತದೆ, ಆ ವರ್ಷದ ಭತ್ತ ಒಣಗುತ್ತದೆ. ಒಂದು ಬೆಳೆ ಉಳಿಸಿಕೊಳ್ಳಲು ತಾತ ಸುಳ್ಳು ಪ್ರಮಾಣ ಮಾಡಿದ್ದ. ಆ ಸುಳ್ಳಿನ ಮಟ್ಟಕ್ಕೆ ನೆಟ್ಟ ಕಲ್ಲು, ಮೇಲಿದ್ದ ಅವನದೇ ಮೂರೆಕರೆಯನ್ನು ಕೆರೆಗೆ ಸೇರಿಸಿತು. ಆಮೇಲೆ ಅವನು ಸಾಯುವ ತನಕ ಅರ್ಜಿ ಬರೆದ. ಬರೆದ ಒಂದರಲ್ಲೂ ಈ ಪ್ರಮಾಣದ ಮಾತು ಇಲ್ಲ. ಮಗನಿಗೂ ಹೇಳಿರಲಿಲ್ಲವೆಂದೇ ತೋರುತ್ತದೆ.

ಇಲ್ಲಿಂದ ಮುಂದೆ ನನ್ನ ಎರಡು ನೆನಪುಗಳು ಬೇರೆಯಾಗುತ್ತವೆ. ಯಾವುದು ನಿಜವೆಂದು ಒಳಗೆ ಗೊತ್ತೇ ಇತ್ತು. ಆದರೂ ಕಣ್ಣಾರೆ ನೋಡಲು ಮೊನ್ನೆ ಟ್ರಂಕಿನ ತಳದಿಂದ, ಆ ವಾರ ಸಾಹೇಬರ ಅರ್ಜಿಗೆಂದು ನಾನು ಮಾಡಿಕೊಟ್ಟ ಕನ್ನಡ ಅನುವಾದದ ಕಾರ್ಬನ್ ಪ್ರತಿ ತೆಗೆದೆ. 'ಹೆಂಟೆಗಳನ್ನು ಇಟ್ಟಿರುವುದನ್ನು ಕಂಡೆ' ಎಂಬಲ್ಲಿಗೆ ವಾಕ್ಯ ಮುಗಿದಿದೆ. ನಂತರ ಮೂರು ಚುಕ್ಕೆ. ನಂತರ ಮುಂದಿನ ಪ್ಯಾರಾ. ಅದು ನನ್ನದೇ ಕೈಬರಹ. ಹತ್ತು ವರ್ಷ ನಾನು ನೆನಪಿಟ್ಟುಕೊಂಡು ಬಂದ ಆ ಕಿಟಕಿಯ ಬೆಳಕು, ಆ ತಲೆಯಾಡಿಕೆ, ಎಲ್ಲ ನಾನೇ ಆಮೇಲೆ ಕಟ್ಟಿಕೊಂಡದ್ದು.

ಯಾಕೆ ಬಿಟ್ಟೆ? ಕರುಣೆಯಿಂದ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಅವರಿಗೆ ಗೆಲುವು ತಂದುಕೊಟ್ಟವಳು ನಾನು ಎಂಬ ಹಿಗ್ಗು ಆಗಲೇ ಹತ್ತಿಬಿಟ್ಟಿತ್ತು. ಅದನ್ನು ಕೈಬಿಡಲು ಮನಸ್ಸಾಗಲಿಲ್ಲ. ಅದೇ ವಾರ ಕ್ಲಾಸಿನಲ್ಲಿ, ದಾಖಲೆಯನ್ನು ಪೂರ್ತಿ ಓದದೆ ತೀರ್ಪು ಕೊಡಬಾರದೆಂದು ಮಕ್ಕಳಿಗೆ ಪಾಠ ಮಾಡಿದ್ದೇನೆ. ಅದು ಮಾತ್ರ ಡೈರಿಯಲ್ಲಿದೆ.

ಸಾಹೇಬರು ಅಷ್ಟು ಸುಲಭಕ್ಕೆ ಬಿಟ್ಟಿರಲಿಲ್ಲ. ಗೋಡೆಯಿಂದ ತಿರುಗಿ ಬಂದು ಹಾಳೆಯ ಕೆಳಗೆ ಬೆರಳಿಟ್ಟರು. "ಇದು ನಮ್ ತಾತನ ಸಹಿ. ಇಲ್ಲಿ ಯಾಕದೆ ಮೇಡಮ್ಮ?"

"ಸಾಕ್ಷಿಗೆ ಅಂತ ಹಾಕ್ಸ್ಕೊಂಡಿದಾರೆ ಸಾಹೇಬ್ರೇ."

"ಅಷ್ಟೇನಾ?"

"ಅಷ್ಟೇ."

ಅನುವಾದ ಸಿದ್ಧವಾದಾಗ ಎರಡು ಪ್ರತಿ ಅವರಿಗೆ ಕೊಟ್ಟು, ಕಚೇರಿಗೆ ಕೊಡುವ ಇಂಥ ಕಾಗದಗಳ ಕೊನೆಗೆ 'ಓದಿಸಿ ಕೇಳಿದೆ, ಸರಿ ಇದೆ' ಎಂದು ಬರೆದು ಸಹಿ ಹಾಕುವ ರೂಢಿಯಿದೆ, ಹಾಕಿ ಎಂದೆ. ಕಚೇರಿಯ ಪ್ರತಿಗೆ ಬರೆದರು. ತಮ್ಮ ಪ್ರತಿಯನ್ನು ಹಾಗೇ ಮಡಚಿ ದಿಂಬಿಗೆ ಸೇರಿಸಿದರು. ಮಧ್ಯಾಹ್ನ ಶಾವಿಗೆ ಬಂದದ್ದು ಆ ಭಾನುವಾರವೋ, ಅನುವಾದ ಕೊಟ್ಟ ದಿನವೋ ಎಂದು ಈಗ ಗೊಂದಲ. ಡೈರಿ ಭಾನುವಾರ ಎನ್ನುತ್ತದೆ. ನಂಬಬೇಕು.

ವಿಚಾರಣೆ ಬರಲು ಇನ್ನೂ ಒಂದು ವರ್ಷ ಹಿಡಿಯಿತು. ತುಮಕೂರಿನ ಕಂದಾಯ ಕಚೇರಿಯ ಒಂದು ಉದ್ದನೆಯ ಕೋಣೆ. ಊರ ರೂಢಿ ಹೇಳಲು ಹನುಮಯ್ಯನನ್ನೂ ಕರೆಸಿದ್ದರು. ಅವನ ಜೊತೆ ಗದ್ದೆಯವರು ಏಳೆಂಟು ಜನ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಸಾಹೇಬರು ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿದ್ದರು, ಗಡ್ಡದಲ್ಲಿ ಒಂದೆಳೆ ಹತ್ತಿಯಿರಲಿಲ್ಲ. ಅಭ್ಯಾಸಬಲದಿಂದ ಬಾಟಲಿಯನ್ನು ಅಧಿಕಾರಿಯ ಮೇಜಿನ ಮೇಲೆ ಮಲಗಿಸಲು ಹೋದಾಗ ಗುಮಾಸ್ತ, ಔಷಧಿ ಒಳಗಿಡಿ ಎಂದು ಗದರಿದ.

ಅಧಿಕಾರಿ ಹೊಸಬರು, ಮೂವತ್ತರೊಳಗಿನ ವಯಸ್ಸು. ನನ್ನ ಅನುವಾದವನ್ನು ನೋಡಿದರು. ಮೂರು ಚುಕ್ಕೆಯ ಹತ್ತಿರ ಅವರ ಪೆನ್ನು ನಿಂತಿತು. ಕಪ್ಪು ಹಾಳೆ ಎತ್ತಿಕೊಂಡು ಇಂಗ್ಲಿಷನ್ನು ತಾವೇ ಓದಿದರು. ನಾವು ಯಾರೂ ಇದನ್ನು ಎಣಿಸಿರಲಿಲ್ಲ. ಅಷ್ಟು ವರ್ಷಗಳಲ್ಲಿ ಆ ಕಡತವನ್ನು ನಿಜವಾಗಿ ಓದಿದ ಮೊದಲ ಅಧಿಕಾರಿ ಅವರೇ ಇರಬೇಕು. ಓದಿ, ಕೆಟ್ಟ ಉದ್ದೇಶವಿಲ್ಲದೆ, ಎಲ್ಲರಿಗೂ ತಿಳಿಯಲೆಂದು ಉಳಿದ ವಾಕ್ಯಗಳನ್ನು ಕನ್ನಡದಲ್ಲಿ ಜೋರಾಗಿ ಹೇಳಿದರು.

ಗದ್ದೆಯವರಲ್ಲಿ ಒಬ್ಬ ನಕ್ಕ. ಹನುಮಯ್ಯ ಅವನ ಹೆಗಲ ಮೇಲೆ ಕೈಯಿಟ್ಟು ಒತ್ತಿದ. ನಗು ನಿಂತಿತು.

"ಇನ್ನೊಂದ್ ಸಲ ಓದಿ ಸ್ವಾಮಿ," ಎಂದರು ಸಾಹೇಬರು.

ಅಧಿಕಾರಿ ಇನ್ನೊಮ್ಮೆ, ನಿಧಾನವಾಗಿ ಓದಿದರು. ಸಾಹೇಬರು ಮೇಜಿನ ಹತ್ತಿರ ಹೋಗಿ ಸಹಿಯ ಮೇಲೆ ಬೆರಳಿಟ್ಟು, "ನಮ್ ದಾದಾದೇ" ಎಂದರು. ಅಲ್ಲಿಯವರೆಗೆ ನನ್ನೆದುರು, ಊರವರೆದುರು ಸದಾ 'ತಾತ' ಎನ್ನುತ್ತಿದ್ದವರು, ಅವತ್ತು ಮೊದಲ ಸಲ ಮನೆಯ ಮಾತಿನಲ್ಲಿ ಕರೆದದ್ದು.

"ನಿಮಗೆ ಇದನ್ನ ಓದಿ ಹೇಳಿದ್ದು ಯಾರು? ಈ ಭಾಗ ಯಾಕೆ ಬಿಟ್ಟಿದಾರೆ?" ಅಧಿಕಾರಿ ಕೇಳಿದರು. ಅನುವಾದದ ಕೊನೆಯಲ್ಲಿ ನನ್ನ ಸಹಿ ಇತ್ತು. ಬಾಗಿಲಿನಿಂದ ಮೇಜಿಗೆ ಹತ್ತು ಹೆಜ್ಜೆ.

ಸಾಹೇಬರು ಹಿಂತಿರುಗಿ ನೋಡಲಿಲ್ಲ. "ನಂಗೆ ಇಂಗ್ಲೀಷ್ ಬರಲ್ಲ ಸ್ವಾಮಿ. ತಪ್ಪು ನಂದೇ. ನಾನೇ ಪೂರ್ತಿ ಕೇಳ್ಕೊಳ್ಳಲಿಲ್ಲ."

ನಾನು ಆ ಹತ್ತು ಹೆಜ್ಜೆ ಹಾಕಲಿಲ್ಲ. ಇದರಲ್ಲಿ ನೆನಪಿನ ಗೊಂದಲವೇನೂ ಇಲ್ಲ.

ಅಧಿಕಾರಿ ಒಳ್ಳೆಯ ಮನುಷ್ಯ. ಹೆಂಟೆ ಇದ್ದದ್ದು ನಿಜವೆಂದು ಒಪ್ಪಿಕೊಂಡರು. ಆದರೆ ಪ್ರಮಾಣ ಮಾಡಿದವರ ಮೊಮ್ಮಗನೇ ಬಂದು ಆ ಪ್ರಮಾಣ ಸುಳ್ಳೆಂದರೆ ಕಾನೂನು ಕೇಳುವುದಿಲ್ಲ, ಇಷ್ಟು ವರ್ಷ ಈ ಮಟ್ಟವನ್ನೇ ನಂಬಿ ಕೆಳಗೆ ಗದ್ದೆ ಮಾಡಿಕೊಂಡವರು ಇದ್ದಾರೆ, ಕಲ್ಲು ಕೀಳಲಾಗದು ಎಂದರು. ಹಾಗಿದ್ದರೆ ನೂರು ವರ್ಷ ದಾಖಲೆಯಿಲ್ಲವೆಂದು ಬರೆದದ್ದು ಯಾಕೆ ಎಂದು ಸಾಹೇಬರು ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಅಲ್ಲಿ. ಸರಕಾರ ಆ ಕಾಗದದ ಮೊದಲ ಅರ್ಧ ಮುಚ್ಚಿಟ್ಟಿತ್ತು, ನಾನು ಎರಡನೆಯ ಅರ್ಧ. ಇಬ್ಬರಿಗೂ ಯಾರೂ ಏನೂ ಅನ್ನಲಿಲ್ಲ. ಪೂರ್ತಿ ಕಾಗದದ ಭಾರ ಹೊತ್ತದ್ದು ಅದನ್ನು ಓದಲು ಬಾರದ ಒಬ್ಬರು.

ಹೊರಗೆ ಬಂದು ಶಿರಾ ಗೇಟಿನ ತನಕ ನಡೆದೆವು. ಅಂಗಡಿಯ ಹತ್ತಿರ ಆದ ಮಾತು ಡೈರಿಯಲ್ಲಿ ಅದೇ ದಿನ ಬರೆದದ್ದು, ಹಾಗೇ ಇಳಿಸುತ್ತೇನೆ.

"ಆವತ್ತು ಸಹಿ ಯಾಕದೆ ಅಂತ ಕೇಳ್ದೆ ನಾನು."

"ಕೇಳಿದ್ರಿ."

"ಸಾಕ್ಷಿಗೆ ಅಂದ್ರಿ."

"ಅಂದೆ. ತಪ್ಪಾಯ್ತು ಸಾಹೇಬ್ರೇ."

ಅಂಗಡಿಯ ಬೀಗ ತೆಗೆಯುತ್ತ, "ಒಂದ್ ತರದಲ್ಲಿ ಅದೂ ಸುಳ್ಳಲ್ಲ ಬಿಡಿ" ಎಂದರು. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಿಲ್ಲಿನ ಸದ್ದು ಕೇಳಿಸಿತು. ಅವರು ಅದಾದ ಮೇಲೂ ನನ್ನ ಜೊತೆ ಮೊದಲಿನಂತೆಯೇ ಮಾತಾಡುತ್ತಿದ್ದರು. ಕೆರೆಯ ವಿಷಯ ಮಾತ್ರ ಒಮ್ಮೆಯೂ ತೆಗೆಯಲಿಲ್ಲ. ಕಾಗದ ಓದಿ ಎಂದು ಮತ್ತೆ ಬರಲೂ ಇಲ್ಲ. ಎಂಬತ್ತೆರಡರಲ್ಲಿ ನನಗೆ ಕುಣಿಗಲ್‌ಗೆ ವರ್ಗವಾಯಿತು. ಹೊರಡುವ ದಿನ ಮಂಚವನ್ನು ಲಾರಿಗೆ ಏರಿಸುವಾಗ ಕಾಲಿನಡಿಯ ಹಂಚಿನ ಚೂರನ್ನು ಎತ್ತಿ ನನ್ನ ಕೈಗೆ ಕೊಟ್ಟು, ಹೊಸ ಮನೆಯ ನೆಲ ಹೇಗಿದೆ ನೋಡಿಕೊಳ್ಳಿ ಎಂದರು.

ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಹನುಮಯ್ಯ ಕುಳಿತಿದ್ದ, ಅವನೂ ಮಾತಾಡಿಸಿಕೊಂಡು ಹೋಗಲು ಬಂದಿದ್ದ. ಹಣ್ಣಾಗಿದ್ದಾನೆ. ಕೇಸು ಮುಗಿದ ಮೇಲೂ ಸಾಹೇಬರು ಕೆರೆಗೆ ಬರುತ್ತಿದ್ದರೇ ಎಂದು ಕೇಳಿದೆ.

"ಬರ್ದೇ ಏನವ್ವ. ಕೆರೆ ತುಂಬ್ದಾಗೆಲ್ಲ ಬಂದವ್ರೆ. ಹೆಂಟೆ ಕಿತ್ತವ್ರೆ. ಮೊದ್ಲು ನಮ್ಮುನ್ನ ಬೈಕೊಂಡ್ ಕೀಳ್ತಿದ್ರು. ಆಮ್ಯಾಕೆ ಬಾಯೇ ಬುಡ್ತಿರ್ಲಿಲ್ಲ." ಬೀಡಿ ಕಟ್ಟನ್ನು ಕೈಯಲ್ಲಿ ತಿರುಗಿಸಿದ. "ಒಂದ್ ಕಿತ ನಾನೇ ಕೇಳ್ದೆ, ಇನ್ಯಾಕ್ ಸಾಬ್ರೆ, ಮುಗೀತಲ್ಲ ಅಂತ. ಆವಾಗ ನೀನಿಟ್ಟಿದ್ದು ಅಂತ ಕೀಳ್ತಿದ್ದೆ ಕಣೋ, ಈಗ ನಮ್ಮೋರ್ ಇಟ್ಟಿದ್ದು ಅಂತ ಕೀಳ್ತೀನಿ ಅಂದ್ರು."

ಈಗಲೂ ಊರವರು ಹೆಂಟೆ ಇಡುತ್ತಾರೆಯೇ ಎಂದೆ. ಇಡದೆ ಏನು, ಭತ್ತಕ್ಕೆ ನೀರು ಬೇಡವೇ ಎಂದ.

ಸಾಹೇಬರ ಹೆಂಡತಿ ನನ್ನನ್ನು ಒಳಗೆ ಕರೆದು ಆ ದಿಂಬನ್ನು ಮಡಿಲಿಗೆ ಹಾಕಿದರು. "ಇದು ನಿಮ್ದು ಬೇಟಿ. ಮೇಡಮ್ಮ ಬಂದ್ರೆ ಕೊಡು ಅಂದಿದ್ರು."

ಕುಣಿಗಲ್‌ಗೆ ತಂದು ಹೊಲಿಗೆ ಬಿಚ್ಚಿದೆ. ಮೇಲೆ ಇದ್ದದ್ದು ಒಂದು ಹಿಂಬರಹ, ಅರ್ಜಿಯೊಂದಕ್ಕೆ ಕಂದಾಯ ಕಚೇರಿ ಕೊಟ್ಟ ಉತ್ತರ. ವಿಚಾರಣೆ ಮುಗಿದ ತಿಂಗಳೊಳಗೆ ಸಾಹೇಬರು ಮತ್ತೊಂದು ಅರ್ಜಿ ಕೊಟ್ಟಿದ್ದರು. ಜಮೀನು ಬೇಡ, ತಮ್ಮ ಹಿಂದಿನ ಅರ್ಜಿಯ ಜೊತೆ ಕೊಟ್ಟ ಅನುವಾದದಲ್ಲಿ ಕೆಲವು ಸಾಲು ಬಿಟ್ಟುಹೋಗಿವೆ, ಅವನ್ನು ಸೇರಿಸಿದ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು ಎಂಬುದಷ್ಟೇ ಅವರ ಕೋರಿಕೆ. ಕಚೇರಿ ಅದನ್ನು ವಾಪಸು ಕಳಿಸಿತ್ತು: 'ಕಡತ ಮುಕ್ತಾಯಗೊಂಡಿದೆ.'

ಅದರ ಕೆಳಗೆ ವಾಪಸು ಬಂದ ಪ್ರತಿ. ಅವತ್ತು ಸಹಿ ಹಾಕದೆ ದಿಂಬಿಗೆ ಸೇರಿಸಿದ ನನ್ನದೇ ಅನುವಾದ. ಮೂರು ಚುಕ್ಕೆಗಳಿದ್ದ ಕಡೆ, ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ, ಅವರ ದುಂಡು ಅಕ್ಷರ. ಕಚೇರಿಯಲ್ಲಿ ಎರಡೇ ಸಲ ಕೇಳಿದ್ದನ್ನು ಒಂದು ಮಾತೂ ತಪ್ಪದೆ ಬರೆದಿದ್ದಾರೆ. ಇಂಗ್ಲಿಷಿನ ಪಕ್ಕದಲ್ಲಿಟ್ಟು ಹೋಲಿಸಿದೆ. ಒಂದೇ ಒಂದು ಬದಲಾವಣೆ: 'ಒಬ್ಬ ಜಮೀನುದಾರನು' ಎಂದಿರುವ ಕಡೆ ಅವರು 'ನನ್ನ ತಾತ' ಎಂದು ಬರೆದು, ಮುಂದೆ ಹೆಸರು ಹಾಕಿದ್ದಾರೆ.

ಪುಟದ ಕೊನೆಯಲ್ಲಿ ಅನುವಾದಕಿಯೆಂದು ನನ್ನ ಸಹಿ ಹಾಗೇ ಇದೆ. ಅದನ್ನು ಹೊಡೆದು ಹಾಕಿಲ್ಲ. ಅದರ ಕೆಳಗೆ, ಹಿಂದೆ ಖಾಲಿ ಬಿಟ್ಟಿದ್ದ ಜಾಗದಲ್ಲಿ: 'ಓದಿಸಿ ಕೇಳಿದೆ, ಸರಿ ಇದೆ.' ಮತ್ತು ಅವರ ಸಹಿ.